“ಗ್ಯಾಸ್ಟ್ರಿಕ್ ಇರಬೇಕು, ಬೆಳಗಾಗಲಿ ನೋಡೋಣ”: ಹೃದಯಾಘಾತವಾದಾಗ ಮಹಿಳೆಯರು ಆಸ್ಪತ್ರೆಗೆ ತಡವಾಗಿ ತಲುಪುವುದು ಏಕೆ?

ನವಿ ಮುಂಬೈಯ ಐರೋಲಿಯಲ್ಲಿರುವ ಒಂದು ಕನ್ನಡ ಮನೆಯನ್ನು ಕಲ್ಪಿಸಿಕೊಳ್ಳಿ. ಬೆಳಗಿನ ಜಾವ ನಾಲ್ಕೂವರೆ. ಮನೆಯ 56 ವರ್ಷದ ತಾಯಿಗೆ ಎಚ್ಚರವಾಗುತ್ತದೆ. ಎದೆಯ ನಡುವೆ ಯಾರೋ ಅಂಗೈ ಇಟ್ಟು ಒತ್ತಿದಂತೆ ಇದೆ. ನೋವು ಎನ್ನುವಷ್ಟು ನೋವಲ್ಲ. ಬೆನ್ನಿನ ಮೇಲ್ಭಾಗ ಹಿಡಿದುಕೊಂಡಿದೆ, ಹೊಟ್ಟೆ ತೊಳಸುತ್ತಿದೆ, ಫ್ಯಾನಿನ ಕೆಳಗೇ ಮಲಗಿದ್ದರೂ ಹಣೆಯಲ್ಲಿ ತಣ್ಣನೆಯ ಬೆವರು. ರಾತ್ರಿ ತಿಂದದ್ದು ಸರಿಹೋಗಿಲ್ಲ ಎಂದುಕೊಂಡು ಓಮದ ನೀರು ಕುಡಿಯುತ್ತಾರೆ. ಐದೂವರೆಗೆ ಎದ್ದು ಡಬ್ಬಿ ಕಟ್ಟುತ್ತಾರೆ, ಏಕೆಂದರೆ ಮಗ ಲೋಕಲ್ ಹಿಡಿಯಬೇಕು. ಎಲ್ಲರೂ ಹೊರಟ ಮೇಲೆ, ಹತ್ತು ಗಂಟೆಯ ಹೊತ್ತಿಗೆ, ಪಕ್ಕದ ಮನೆಯವರ ಹತ್ತಿರ “ಯಾಕೋ ಸಂಕಟ ಆಗ್ತಿದೆ” ಎನ್ನುತ್ತಾರೆ. ಪಕ್ಕದವರು ಮಗನಿಗೆ ಫೋನ್ ಮಾಡುತ್ತಾರೆ. ಮಗ ಅಪ್ಪನನ್ನು ಕೇಳುತ್ತಾನೆ. ಅಪ್ಪ “ಸಂಜೆ ಬಂದು ಕರ್ಕೊಂಡು ಹೋಗ್ತೀನಿ” ಎನ್ನುತ್ತಾರೆ. ಸಂಜೆ ಬೀದಿ ಕೊನೆಯ ಕ್ಲಿನಿಕ್ಕಿನಲ್ಲಿ ಅಸಿಡಿಟಿಯ ಮಾತ್ರೆ ಸಿಗುತ್ತದೆ. ಮೊದಲ ಇಸಿಜಿ ತೆಗೆಯುವಾಗ ರಾತ್ರಿ ಎಂಟು ಗಂಟೆ. ಹದಿನೈದೂವರೆ ಗಂಟೆ ಕಳೆದಿದೆ.

ಇದು ಯಾವುದೋ ಒಬ್ಬರ ಕಥೆಯಲ್ಲ, ವಿಷಯ ಬಿಡಿಸಿ ಹೇಳಲು ಕಟ್ಟಿದ ಉದಾಹರಣೆ. ಆದರೆ ಯಾವುದೇ ಕ್ಯಾಶುವಾಲ್ಟಿಯಲ್ಲಿ ಕೆಲಸ ಮಾಡಿದ ವೈದ್ಯರನ್ನು ಕೇಳಿ, ಇದರ ಒಂದೊಂದು ತುಂಡನ್ನೂ ಅವರು ಗುರುತಿಸುತ್ತಾರೆ. ಈ ಕಥೆಯಲ್ಲಿ ಯಾರೂ ಕೆಟ್ಟವರಲ್ಲ, ಯಾರೂ ಬೇಕೆಂದು ಉದಾಸೀನ ಮಾಡಿಲ್ಲ ಎಂಬುದನ್ನೂ ಗಮನಿಸಿ. ಪ್ರತಿಯೊಬ್ಬರೂ ಸ್ವಲ್ಪ ಸ್ವಲ್ಪ ಕಾದರು, ಅಷ್ಟೆ.

ಕಾಯುವುದರಿಂದ ಆಗುವ ನಷ್ಟವೇನು?

ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಹೋಗುವುದೇ ಸಾಮಾನ್ಯವಾಗಿ ಹೃದಯಾಘಾತ. ದಾರಿ ಮುಚ್ಚಿದ ಕ್ಷಣಕ್ಕೇ ಸ್ನಾಯು ಸಾಯುವುದಿಲ್ಲ. ಅದು ನಿಮಿಷ ನಿಮಿಷಕ್ಕೂ, ಅಂಚಿನಿಂದ ಅಂಚಿಗೆ ಸಾಯುತ್ತಾ ಹೋಗುತ್ತದೆ. ಬೇಗ ದಾರಿ ತೆರೆದರೆ ಉಳಿದ ಭಾಗ ಬದುಕುತ್ತದೆ. ತೆರೆಯಲು ಎರಡು ವಿಧಾನಗಳಿವೆ: ಹೆಪ್ಪನ್ನು ಕರಗಿಸುವ ಇಂಜೆಕ್ಷನ್, ಅಥವಾ ಕ್ಯಾಥ್ ಲ್ಯಾಬ್‌ನಲ್ಲಿ ಮಾಡುವ ಆಂಜಿಯೋಪ್ಲಾಸ್ಟಿ.

ಇಂಜೆಕ್ಷನ್ ಕುರಿತ ಹಲವು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೊದಲ ಒಂದು ಗಂಟೆಯೊಳಗೆ ಚಿಕಿತ್ಸೆ ಸಿಕ್ಕಿದರೆ ಪ್ರತಿ 1,000 ರೋಗಿಗಳಲ್ಲಿ ಹೆಚ್ಚುವರಿಯಾಗಿ ಸುಮಾರು 65 ಜೀವ ಉಳಿಯುತ್ತವೆ. ಎರಡನೇ ಗಂಟೆಯಲ್ಲಿ ಸಿಕ್ಕಿದರೆ 37. ಮೂರನೇ ಗಂಟೆಗೆ ಅದು 26ಕ್ಕೆ ಇಳಿಯುತ್ತದೆ. ‘ಗೋಲ್ಡನ್ ಅವರ್’ ಎಂದು ವೈದ್ಯರು ಹೇಳುವುದು ಸುಮ್ಮನೆ ಅಲ್ಲ. ಇಂಜೆಕ್ಷನ್ನಿನ ಪ್ರಯೋಜನ ಮುಖ್ಯವಾಗಿ ಮೊದಲ 12 ಗಂಟೆಯೊಳಗೆ. ನಮ್ಮ ಉದಾಹರಣೆಯ ತಾಯಿ ಆ ಗಡಿಯನ್ನು ದಾಟಿಯೇ ಆಸ್ಪತ್ರೆಗೆ ಬಂದರು. (ಹಾಗೆಂದು, ಹೇಗೂ ತಡವಾಯಿತು ಎಂದು ಮನೆಯಲ್ಲೇ ಉಳಿಯಬೇಡಿ. ತಡವಾಗಿ ಬಂದವರಿಗೂ ಮಾಡಬಹುದಾದದ್ದು ಬಹಳ ಇದೆ.)

ತಡವಾಗುವುದು ನಮ್ಮ ದೇಶದಲ್ಲಿ ಹೆಂಗಸರಿಗೆ ಮಾತ್ರ ಸೀಮಿತವಾದ ತೊಂದರೆಯಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಂಡ ಮುನ್ನಡೆಸಿ, 2008ರಲ್ಲಿ ಪ್ರಕಟವಾದ ‘ಕ್ರಿಯೇಟ್’ ಎಂಬ ಅಧ್ಯಯನ ದೇಶದ 89 ಆಸ್ಪತ್ರೆಗಳ 20,000ಕ್ಕೂ ಹೆಚ್ಚು ಹೃದ್ರೋಗಿಗಳನ್ನು ನೋಡಿತು. ಲಕ್ಷಣ ಶುರುವಾದಾಗಿನಿಂದ ಆಸ್ಪತ್ರೆ ತಲುಪುವವರೆಗಿನ ಅವಧಿಯ ಮಧ್ಯಮಾಂಕ 360 ನಿಮಿಷ, ಅಂದರೆ ಆರು ಗಂಟೆ. ಅರ್ಧದಷ್ಟು ಜನ ಅದಕ್ಕಿಂತಲೂ ಹೆಚ್ಚು ಸಮಯ ತೆಗೆದುಕೊಂಡಿದ್ದರು. ಆಸ್ಪತ್ರೆಯೊಳಗೆ ಬಂದ ಮೇಲೆ ಇಂಜೆಕ್ಷನ್ ಕೊಡಲು ಹಿಡಿದ ಸಮಯ 50 ನಿಮಿಷ. ಹೆಚ್ಚಿನ ಸಮಯ ಕಳೆದುಹೋಗುವುದು ಮನೆಯಲ್ಲಿ ಮತ್ತು ದಾರಿಯಲ್ಲಿ. ಮನೆಯ ಲೆಕ್ಕದಲ್ಲಿ ಗಂಡಸು ಹೆಂಗಸು ಎಂಬ ವ್ಯತ್ಯಾಸ ಬರುತ್ತದೆ.

ಹೆಂಗಸರಿಗೆ ಎದೆನೋವು ಬರುವುದಿಲ್ಲವೇ?

ಬರುತ್ತದೆ. ಇದನ್ನು ಒತ್ತಿ ಹೇಳಬೇಕು. “ಮಹಿಳೆಯರಿಗೆ ಎದೆನೋವು ಇಲ್ಲದೆಯೇ ಹಾರ್ಟ್ ಅಟ್ಯಾಕ್ ಆಗುತ್ತದೆ” ಎಂಬ ಅರ್ಧಸತ್ಯ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. 55 ವರ್ಷದೊಳಗಿನ ಸುಮಾರು 3,000 ಹೃದಯಾಘಾತ ರೋಗಿಗಳನ್ನು ಮಾತನಾಡಿಸಿದ ‘ವರ್ಗೋ’ ಎಂಬ ಅಮೆರಿಕದ ಅಧ್ಯಯನದಲ್ಲಿ (ಫಲಿತಾಂಶ ಪ್ರಕಟವಾದದ್ದು 2018ರಲ್ಲಿ) ಹೆಂಗಸರಲ್ಲಿ ಶೇ 87ರಷ್ಟು, ಗಂಡಸರಲ್ಲಿ ಸುಮಾರು ಶೇ 90ರಷ್ಟು ಜನ ಎದೆಯಲ್ಲಿ ನೋವು, ಒತ್ತಡ ಅಥವಾ ಬಿಗಿತ ಇತ್ತು ಎಂದೇ ಹೇಳಿದ್ದರು. ಹೆಚ್ಚು ವ್ಯತ್ಯಾಸವಿಲ್ಲ.

ವ್ಯತ್ಯಾಸ ಇರುವುದು ಎದೆಯ ಜೊತೆಗೆ ಇನ್ನೇನಿತ್ತು ಎಂಬಲ್ಲಿ. ಮೂರು ಅಥವಾ ಹೆಚ್ಚು ಬೇರೆ ಲಕ್ಷಣಗಳು ಕೂಡಿ ಬಂದದ್ದು ಹೆಂಗಸರಲ್ಲೇ ಹೆಚ್ಚು: ಹೊಟ್ಟೆ ತೊಳಸುವುದು, ಉಸಿರು ಸಿಕ್ಕದಂತಾಗುವುದು, ದವಡೆ, ಕುತ್ತಿಗೆ, ತೋಳು ಅಥವಾ ಭುಜಗಳ ನಡುವೆ ನೋವು, ಎದೆ ಡವಡವ ಎನ್ನುವುದು. ಇಷ್ಟೆಲ್ಲ ಒಟ್ಟಿಗೆ ಆದಾಗ ರೋಗಿ ಮೊದಲು ಯಾವುದನ್ನು ಹೇಳುತ್ತಾರೆ? ತಮಗೆ ಹೆಚ್ಚು ಪರಿಚಯವಿರುವುದನ್ನು. “ಹೊಟ್ಟೆ ಸರಿಯಿಲ್ಲ”, “ಬೆನ್ನು ಹಿಡಿದಿದೆ”, “ಸುಸ್ತು”. ಎದೆಯ ಬಿಗಿತ ಮಾತಿನ ಕೊನೆಗೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ.

ಅದೇ ಅಧ್ಯಯನದ ಇನ್ನೆರಡು ಸಂಖ್ಯೆಗಳು ನನಗೆ ಹೆಚ್ಚು ಮುಖ್ಯವೆನಿಸುತ್ತವೆ. ಇದು ಟೆನ್ಷನ್‌ನಿಂದ, ಗಾಬರಿಯಿಂದ ಆಗಿರಬೇಕು ಎಂದುಕೊಂಡ ಹೆಂಗಸರು ಶೇ 21, ಗಂಡಸರು ಶೇ 12. ಇನ್ನು, ಆಸ್ಪತ್ರೆಗೆ ದಾಖಲಾಗುವ ಮೊದಲೇ ಇದೇ ತೊಂದರೆಗಾಗಿ ವೈದ್ಯರನ್ನು ಕಂಡವರ ಪೈಕಿ, ವೈದ್ಯರು ಇದು ಹೃದಯದ್ದಲ್ಲ ಎಂದುಕೊಂಡರು ಎಂದು ಹೇಳಿದವರು ಹೆಂಗಸರಲ್ಲಿ ಶೇ 53, ಗಂಡಸರಲ್ಲಿ ಶೇ 37. ರೋಗಿಯೂ ವೈದ್ಯರೂ ಒಂದೇ ದಿಕ್ಕಿನಲ್ಲಿ ತಪ್ಪುತ್ತಾರೆ.

ನಮ್ಮ ಭಾಷೆಯಲ್ಲಿ ಇನ್ನೊಂದು ತೊಡಕಿದೆ. ಎದೆಯಿಂದ ಹೊಕ್ಕುಳದವರೆಗೆ ಏನೇ ಆದರೂ ಕರ್ನಾಟಕದವರಿಗೆ ಅದು ‘ಗ್ಯಾಸ್ಟ್ರಿಕ್’. ಕರಾವಳಿಯವರಿಗೆ ‘ವಾಯು’. ‘ಸಂಕಟ’ ಎಂಬ ಪದವಂತೂ ಹೊಟ್ಟೆಗೂ ಆಗುತ್ತದೆ, ಎದೆಗೂ ಆಗುತ್ತದೆ, ಮನಸ್ಸಿಗೂ ಆಗುತ್ತದೆ. ಮನೆಯಲ್ಲಿ ಯಾರಾದರೂ “ಸಂಕಟ” ಎಂದರೆ “ಎಲ್ಲಿ? ಕೈ ಇಟ್ಟು ತೋರಿಸು” ಎಂದು ಕೇಳಿ. ಬೆರಳಿನ ತುದಿಯಿಂದ ಒಂದು ಚುಕ್ಕೆ ತೋರಿಸುವ ಬದಲು ಇಡೀ ಅಂಗೈಯನ್ನೋ ಮುಷ್ಟಿಯನ್ನೋ ಎದೆಯ ನಡುವೆ ಇಟ್ಟರೆ, ಜೊತೆಗೆ ಬೆವರು ಅಥವಾ ಉಸಿರಿನ ತೊಂದರೆ ಇದ್ದರೆ, ಮತ್ತೇನೂ ಕೇಳುತ್ತಾ ಕೂರಬೇಡಿ. ಹಾಗೆ ತೋರಿಸದಿದ್ದ ಮಾತ್ರಕ್ಕೆ ಹೃದಯದ್ದಲ್ಲ ಎಂದೂ ತೀರ್ಮಾನಿಸಬೇಡಿ.

ಸಕ್ಕರೆ ಕಾಯಿಲೆ ಇರುವವರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ವರ್ಷಗಟ್ಟಲೆ ಸಕ್ಕರೆ ಇದ್ದರೆ ನರಗಳು ಮಂದವಾಗಿ ನೋವು ಗೊತ್ತಾಗದೇ ಹೋಗಬಹುದು. ಅಂಥವರಿಗೆ ಇದ್ದಕ್ಕಿದ್ದಂತೆ ಬಂದ ಏದುಸಿರು ಅಥವಾ ಕಾರಣವಿಲ್ಲದ ವಿಪರೀತ ಸುಸ್ತೇ ಏಕೈಕ ಲಕ್ಷಣವಾಗಿರಬಹುದು.

“ಹೋಗೋಣ” ಎಂದು ಹೇಳುವವರು ಯಾರು?

ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನ ಒಂದು ಆಸ್ಪತ್ರೆ 16 ವರ್ಷಗಳಲ್ಲಿ ಬಂದ 4,360 ರೋಗಿಗಳ ದಾಖಲೆ ನೋಡಿತು. ಲಕ್ಷಣ ಶುರುವಾದ ಮೇಲೆ ಸಹಾಯ ಕೇಳಲು ಹೆಂಗಸರು ಗಂಡಸರಿಗಿಂತ ಸುಮಾರು 37 ನಿಮಿಷ ಹೆಚ್ಚು ತೆಗೆದುಕೊಂಡಿದ್ದರು. ಆಂಬುಲೆನ್ಸ್, ಇನ್ಶೂರೆನ್ಸ್ ಎಲ್ಲ ಸರಿಯಾಗಿರುವ ಶ್ರೀಮಂತ ದೇಶದ ಮಾತಿದು.

ಇನ್ನೊಂದು ಅಧ್ಯಯನ ಕೆನಡಾದ ಒಂಟಾರಿಯೋದ್ದು, 2011ರಲ್ಲಿ ಪ್ರಕಟವಾದದ್ದು. ಮದುವೆಯಾದ ಗಂಡಸರು ಒಂಟಿ ಗಂಡಸರಿಗಿಂತ ಸುಮಾರು ಅರ್ಧ ಗಂಟೆ ಬೇಗ ಆಸ್ಪತ್ರೆ ತಲುಪಿದ್ದರು. ಮದುವೆಯಾದ ಹೆಂಗಸರಿಗೆ ಮದುವೆಯಿಂದ ಅಂಥ ಲಾಭವೇನೂ ಕಾಣಲಿಲ್ಲ. ಓದುವಾಗ ನಗು ಬರಬಹುದು, ಆದರೆ ಇದರಲ್ಲಿ ಎಲ್ಲವೂ ಇದೆ. ಗಂಡನಿಗೆ ಎದೆನೋವು ಬಂದರೆ “ಸುಮ್ನೆ ಎದ್ದೇಳಿ, ಆಸ್ಪತ್ರೆಗೆ ಹೋಗೋಣ” ಎಂದು ಗದರಿಸಲು ಹೆಂಡತಿ ಇರುತ್ತಾಳೆ. ಹೆಂಡತಿಗೆ ಬಂದಾಗ ಆ ಗದರುವ ದನಿ ಯಾರದು?

ನಮ್ಮಲ್ಲಿ ಇದಕ್ಕೆ ಇನ್ನೊಂದು ಪದರ ಸೇರುತ್ತದೆ. ದೆಹಲಿಯ ಏಮ್ಸ್‌ನ ಹೊರರೋಗಿ ವಿಭಾಗಕ್ಕೆ 2016ರಲ್ಲಿ ಬಂದ 23 ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆಯನ್ನು ಸಂಶೋಧಕರು ಜನಸಂಖ್ಯೆಯ ಲಿಂಗಾನುಪಾತದ ಜೊತೆ ಹೋಲಿಸಿದರು. ಬರಬೇಕಾಗಿದ್ದು ಬಾರದೇ ಉಳಿದ ಮಹಿಳಾ ರೋಗಿಗಳು ನಾಲ್ಕು ಲಕ್ಷಕ್ಕೂ ಹೆಚ್ಚು ಎಂಬುದು ಅವರ ಲೆಕ್ಕ. ಊರು ದೂರವಾದಷ್ಟೂ ಕೊರತೆ ಹೆಚ್ಚು. ಕಾಯಿಲೆ ಗೊತ್ತಿಲ್ಲ ಎಂಬುದೊಂದೇ ಇದಕ್ಕೆ ಕಾರಣವಾಗಿರಲಾರದು. ಯಾರ ಆರೋಗ್ಯಕ್ಕಾಗಿ ಒಂದು ದಿನದ ರಜೆ, ಒಂದು ಟಿಕೆಟ್ಟು, ಒಂದು ಟ್ಯಾಕ್ಸಿ ಖರ್ಚಾಗುತ್ತದೆ ಎಂಬುದೂ ಇದರಲ್ಲಿದೆ.

ವಯಸ್ಸಿನ ಅಂಶವನ್ನೂ ಮರೆಯಬಾರದು. 52 ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನದ ಪ್ರಕಾರ ಮಹಿಳೆಯರಿಗೆ ಮೊದಲ ಹೃದಯಾಘಾತ ಆಗುವುದು ಪುರುಷರಿಗಿಂತ ಸರಾಸರಿ ಒಂಬತ್ತು ವರ್ಷ ತಡವಾಗಿ. (ದಕ್ಷಿಣ ಏಷ್ಯಾದವರಿಗೆ, ಗಂಡಾಗಲಿ ಹೆಣ್ಣಾಗಲಿ, ಬೇರೆಯವರಿಗಿಂತ ಬೇಗ ಆಗುತ್ತದೆ ಎಂದೂ ಅದೇ ಅಧ್ಯಯನ ತೋರಿಸಿತು.) ಅಂದರೆ ಹೆಂಗಸಿಗೆ ತೊಂದರೆಯಾಗುವ ಹೊತ್ತಿಗೆ ಗಂಡ ತೀರಿಹೋಗಿರಬಹುದು, ಆಕೆ ಮಗನ ಮನೆಯಲ್ಲಿ ಇರಬಹುದು, ಕೈಯಲ್ಲಿ ದುಡ್ಡು ಇಲ್ಲದಿರಬಹುದು. “ಅವರಿಗೆ ತೊಂದರೆ ಕೊಡಬಾರದು” ಎಂಬ ಯೋಚನೆಯೇ ಮೊದಲು ಬರುತ್ತದೆ.

ಊರು ಬಿಟ್ಟು ಬಂದವರ ಕಷ್ಟ

ಐರೋಲಿ, ರಬಾಳೆ, ಘನ್ಸೋಲಿ ಭಾಗದಲ್ಲಿ ಎಷ್ಟೋ ಬಗೆಯ ಕನ್ನಡಿಗರಿದ್ದಾರೆ. ಹೋಟೆಲ್ ನಡೆಸುವ ಕರಾವಳಿಯವರು, ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿ, ವಿಜಯಪುರ, ಯಾದಗಿರಿಯವರು, ಐಟಿ ಪಾರ್ಕಿನಲ್ಲಿ ಕೆಲಸ ಮಾಡುವ ಯುವಜನರು, ಅವರ ಜೊತೆಗಿರಲು ಊರಿನಿಂದ ಬಂದ ತಂದೆ ತಾಯಿ. ಹೊರಗೆ ದುಡಿಯುವವರು ಹಿಂದಿ, ಮರಾಠಿ ಕಲಿತಿರುತ್ತಾರೆ. ಮನೆಯಲ್ಲೇ ಇರುವ ತಾಯಿಗೆ, ಹೊಸದಾಗಿ ಬಂದ ಸೊಸೆಗೆ ತರಕಾರಿ ಕೊಳ್ಳುವಷ್ಟು ಮಾತು ಗೊತ್ತಿರುತ್ತದೆ, ಎದೆಯೊಳಗೆ ಆಗುತ್ತಿರುವುದನ್ನು ವಿವರಿಸುವಷ್ಟು ಗೊತ್ತಿರುವುದಿಲ್ಲ.

ಹಾಗಾಗಿ ಕ್ಯಾಶುವಾಲ್ಟಿಯಲ್ಲಿ ಆಕೆಯ ಪರವಾಗಿ ಮಾತನಾಡುವುದು ಗಂಡ ಅಥವಾ ಮಗ. ಆಕೆ ಕನ್ನಡದಲ್ಲಿ “ಎದೆ ಬಿಗಿ ಹಿಡಿದಂಗಾಗಿ ಉಸಿರೇ ಸಿಕ್ತಿಲ್ಲ, ಬೆಳಗಿನಿಂದ” ಎನ್ನುತ್ತಾರೆ. ಅದು ಹಿಂದಿಗೆ ಹೋಗುವಾಗ “ಗ್ಯಾಸ್ ಹುವಾ ಹೈ, ಘಬರಾ ರಹೀ ಹೈ” ಎಂದಾಗುತ್ತದೆ. ಅನುವಾದ ಮಾಡುವವರು ಸುಳ್ಳು ಹೇಳುತ್ತಿಲ್ಲ. ತಮಗೆ ಅನ್ನಿಸಿದ ಕಾಯಿಲೆಯನ್ನು ಹೇಳುತ್ತಿದ್ದಾರೆ, ರೋಗಿ ಹೇಳಿದ ಲಕ್ಷಣವನ್ನಲ್ಲ. ವೈದ್ಯರ ಕಿವಿಗೆ ಬಿದ್ದದ್ದು ಗ್ಯಾಸ್ ಮತ್ತು ಗಾಬರಿ. ಎಷ್ಟು ಹೊತ್ತಿನಿಂದ ಎಂಬುದು ಹೇಳದೆಯೇ ಉಳಿಯಿತು. ನೀವು ಮಾತನಾಡಿಕೊಡುವವರಾದರೆ ಒಂದೇ ನಿಯಮ ಪಾಲಿಸಿ: ಕಾಯಿಲೆಯ ಹೆಸರು ಹೇಳಬೇಡಿ, ಆಕೆ ಹೇಳಿದ್ದನ್ನು ಹಾಗೆಯೇ ಹೇಳಿ, ಶುರುವಾದ ಗಂಟೆ ಹೇಳಿ.

ಕೆಲವು ವಾಕ್ಯಗಳನ್ನು ಬರೆದು ಫ್ರಿಜ್ ಮೇಲೆ ಅಂಟಿಸಿಡಬಹುದು. ಹಿಂದಿಯಲ್ಲಿ: “ಛಾತೀ ಮೇ ದಬಾವ್ ಹೈ, ಸಾಂಸ್ ಲೇನೇ ಮೇ ತಕಲೀಫ್ ಹೈ, ಪಸೀನಾ ಆ ರಹಾ ಹೈ, ಇಸಿಜಿ ನಿಕಾಲಿಯೇ.” ಮರಾಠಿಯಲ್ಲಿ: “ಛಾತೀತ್ ದುಖತಂಯ್, ದಮ್ ಲಾಗತೋಯ್, ಘಾಮ್ ಯೇತೋಯ್, ಇಸಿಜಿ ಕಾಢಾ.” ಉಚ್ಚಾರ ಸ್ವಲ್ಪ ತಪ್ಪಿದರೂ ಕೆಲಸ ನಡೆಯುತ್ತದೆ. ‘ಇಸಿಜಿ’ ಎಂಬ ಮೂರಕ್ಷರ ಎಲ್ಲ ಭಾಷೆಯಲ್ಲೂ ಒಂದೇ.

ಹೊರಗೆ ಬಂದ ಕನ್ನಡಿಗರಲ್ಲಿ ಇನ್ನೊಂದು ಅಭ್ಯಾಸವಿದೆ: “ಊರಿಗೆ ಹೋಗಿ ತೋರಿಸೋಣ.” ಮಂಗಳೂರು, ಮಣಿಪಾಲದ ಆಸ್ಪತ್ರೆಗಳ ಮೇಲೆ, ಕಲಬುರಗಿಯ ಜಯದೇವ ಆಸ್ಪತ್ರೆಯ ಮೇಲೆ ಇರುವ ವಿಶ್ವಾಸ ಸರಿಯಾದದ್ದೇ. ಅಲ್ಲಿ ನಮ್ಮ ಭಾಷೆ ಇದೆ, ಜೊತೆಗೆ ಇರಲು ಅಕ್ಕ ತಂಗಿಯರಿದ್ದಾರೆ. ತಪಾಸಣೆಗೆ, ಎರಡನೇ ಅಭಿಪ್ರಾಯಕ್ಕೆ ಖಂಡಿತ ಹೋಗಿ. ಆದರೆ ಎದೆ ಬಿಗಿ ಹಿಡಿದಿರುವಾಗ ರಾತ್ರಿ ರೈಲು ಹತ್ತಬೇಡಿ. ಅಲ್ಲಿನ ವೈದ್ಯರು ಎಷ್ಟು ಒಳ್ಳೆಯವರಾದರೂ ರೈಲಿನಲ್ಲಿ ಸತ್ತ ಸ್ನಾಯುವನ್ನು ಬದುಕಿಸಲಾರರು.

ಒಂಟಿ ಗಂಡಸರ ತಡ ಬೇರೆಯೇ ರೀತಿಯದು. ಹೋಟೆಲ್ ಕೆಲಸಗಾರ, ಡ್ರೈವರ್, ಸೈಟಿನ ಮೇಸ್ತ್ರಿ, ಎಲ್ಲರೂ ಐದಾರು ಜನ ಒಂದು ಕೋಣೆಯಲ್ಲಿ ಮಲಗುವವರು. ಹೆಂಡತಿ ಮಕ್ಕಳು ಊರಿನಲ್ಲಿ. ರಾತ್ರಿ ಎದೆ ಹಿಡಿದರೆ ಸೋಡಾ ಕುಡಿದು ಮಲಗುತ್ತಾರೆ, ಏಕೆಂದರೆ ನಾಳೆ ರಜೆ ಹಾಕಿದರೆ ಸಂಬಳ ಹೋಗುತ್ತದೆ, ಮತ್ತು ಗ್ಯಾಸ್‌ಗೆ ಆಸ್ಪತ್ರೆಗೆ ಓಡಿದ ಎಂದು ಕೋಣೆಯವರು ನಗುತ್ತಾರೆ. ಹೆಂಗಸರು ಬೇರೆಯವರಿಗೆ ತೊಂದರೆಯಾಗಬಾರದೆಂದು ಕಾಯುತ್ತಾರೆ, ಗಂಡಸರು ತಾವು ಅಂಜುಬುರುಕರೆನಿಸಿಕೊಳ್ಳಬಾರದೆಂದು ಕಾಯುತ್ತಾರೆ. ಗದರುವ ದನಿ ಇಲ್ಲದ ಕಡೆ ಆ ಕೆಲಸವನ್ನು ಕೋಣೆಯ ಗೆಳೆಯರು ಮಾಡಬೇಕು.

ಆಸ್ಪತ್ರೆ ತಲುಪಿದ ಮೇಲೂ ಕೇಳಿ

ಎದೆಯ ತೊಂದರೆ ಎಂದು ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ತೆಗೆಯಬೇಕು ಎಂಬುದು ಎಲ್ಲ ಕಡೆ ಒಪ್ಪಿತವಾದ ನಿಯಮ. ಕೇಸ್ ಪೇಪರ್, ಹಣ ಕಟ್ಟುವ ಸಾಲು ಇವೆಲ್ಲ ಒಬ್ಬರು ನೋಡಿಕೊಳ್ಳಲಿ, ಇನ್ನೊಬ್ಬರು ರೋಗಿಯ ಜೊತೆ ನಿಂತು “ಮೊದಲು ಇಸಿಜಿ” ಎನ್ನಲಿ.

ಇಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯವಿದೆ. ಇಸಿಜಿಗೆ ಎದೆಯ ಮೇಲೆ, ಎಡ ಸ್ತನದ ಕೆಳಗೆ ಎಲೆಕ್ಟ್ರೋಡ್ ಅಂಟಿಸಬೇಕು. ರವಿಕೆ, ಒಳ ಉಡುಪು ಸಡಿಲಿಸಬೇಕು. ಟೆಕ್ನೀಷಿಯನ್ ಗಂಡಸಾದರೆ ಆಕೆ ಹಿಂಜರಿಯುತ್ತಾರೆ, ಮನೆಯವರೂ “ಲೇಡಿ ಬರಲಿ” ಎನ್ನುತ್ತಾರೆ. ಪರದೆ ಎಳೆಯಲು ಕೇಳಿ, ನರ್ಸ್ ಜೊತೆಗಿರಲಿ ಎಂದು ಕೇಳಿ, ಮೇಲೆ ಸೆರಗೋ ಚಾದರವೋ ಹೊದಿಸಿ. ಇದನ್ನು ಕೇಳುವುದು ನಿಮ್ಮ ಹಕ್ಕು. ಆದರೆ ಮಹಿಳಾ ಸಿಬ್ಬಂದಿ ಇಲ್ಲವೆಂದು ಕಾಯುತ್ತಾ ಕೂರಬೇಡಿ. ಇಸಿಜಿಯಲ್ಲಿ ದೇಹಕ್ಕೆ ಕರೆಂಟ್ ಹರಿಸುವುದಿಲ್ಲ, ನೋವಿಲ್ಲ, ಕೆಲವೇ ನಿಮಿಷದ ಕೆಲಸ. ನಾಚಿಕೆಯಿಂದ ಬಟ್ಟೆಯ ಮೇಲೋ ತಪ್ಪು ಜಾಗದಲ್ಲೋ ಎಲೆಕ್ಟ್ರೋಡ್ ಇಟ್ಟರೆ ಬರುವ ಚಿತ್ರವೂ ತಪ್ಪಾಗುತ್ತದೆ.

ಮೊದಲ ಇಸಿಜಿ ನಾರ್ಮಲ್ ಬಂದರೆ ಹೃದಯಾಘಾತ ಇಲ್ಲವೆಂದು ಅರ್ಥವಲ್ಲ. ತೊಂದರೆ ಮುಂದುವರಿದರೆ ಸ್ವಲ್ಪ ಹೊತ್ತಿನ ಬಳಿಕ ಮತ್ತೊಂದು ಇಸಿಜಿ, ಟ್ರೊಪೋನಿನ್ ಎಂಬ ರಕ್ತಪರೀಕ್ಷೆ, ಅಗತ್ಯವಿದ್ದರೆ ಕೆಲವು ಗಂಟೆಗಳ ನಂತರ ಅದನ್ನೇ ಮತ್ತೊಮ್ಮೆ ಮಾಡುತ್ತಾರೆ. “ಇಸಿಜಿ ಚೆನ್ನಾಗಿದೆ, ಗಾಬರಿ ಅಷ್ಟೆ” ಎಂದು ಕಳುಹಿಸಿದರೆ “ಟ್ರೊಪೋನಿನ್ ಬೇಡವೇ, ಡಾಕ್ಟರ್? ಇನ್ನೊಂದು ಇಸಿಜಿ?” ಎಂದು ವಿನಯದಿಂದಲೇ ಕೇಳಿ.

ಹೀಗೆ ಕೇಳಬೇಕಾಗಿ ಬರುವುದು ಭಾರತದಲ್ಲಿ ಮಾತ್ರ ಅಲ್ಲ. 1991ರಲ್ಲಿ ಅಮೆರಿಕದ ಹೃದ್ರೋಗ ತಜ್ಞೆ ಬರ್ನಡೀನ್ ಹೀಲಿ ಇದಕ್ಕೆ ‘ಯೆಂಟಲ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಯೆಂಟಲ್ ಎಂಬುದು ಐಸಾಕ್ ಬಶೆವಿಸ್ ಸಿಂಗರ್ ಅವರ ಕಥೆಯೊಂದರ ನಾಯಕಿ, ಓದಲಿಕ್ಕಾಗಿ ಗಂಡಸಿನ ವೇಷ ಹಾಕಿದವಳು. ಹೆಂಗಸಿನ ಹೃದಯವೂ ಗಂಡಸಿನಂತೆಯೇ ಕಾಯಿಲೆ ಬಿದ್ದು ತೋರಿಸಿದರೆ ಮಾತ್ರ ಸಮಾನ ಚಿಕಿತ್ಸೆ ಸಿಗುತ್ತದೆ ಎಂಬುದು ಹೀಲಿ ಅವರ ಮಾತಿನ ಅರ್ಥವಾಗಿತ್ತು.

ಈಗಲೇ ತೀರ್ಮಾನಿಸಿಡಬೇಕಾದ ಸಂಗತಿಗಳು

ನಡುರಾತ್ರಿ ಯಾರಿಗೂ ತಲೆ ಓಡುವುದಿಲ್ಲ. ಆದ್ದರಿಂದ ತೀರ್ಮಾನವನ್ನು ಹಗಲಿನಲ್ಲೇ, ಎಲ್ಲರೂ ಆರಾಮಾಗಿ ಕುಳಿತಿರುವಾಗ ಮಾಡಿಟ್ಟುಕೊಳ್ಳಿ. ಮನೆಯಲ್ಲಿ ಒಂದು ಒಪ್ಪಂದವಿರಲಿ: ಎದೆಯ ಬಿಗಿತ, ಏದುಸಿರು, ತಣ್ಣನೆಯ ಬೆವರು ಹತ್ತು ಹದಿನೈದು ನಿಮಿಷದಲ್ಲಿ ಹೋಗದಿದ್ದರೆ ಯಾರನ್ನೂ ಕೇಳದೆ ಆಸ್ಪತ್ರೆಗೆ ಹೊರಡುವುದು. ಲಕ್ಷಣ ಜೋರಾಗಿದ್ದರೆ ಅಷ್ಟೂ ಕಾಯುವುದು ಬೇಡ. ‘ಯಾರನ್ನೂ ಕೇಳದೆ’ ಎಂಬುದು ಇಲ್ಲಿ ಮುಖ್ಯ. ಅಮ್ಮನೇ ತಾನಾಗಿ 108ಕ್ಕೆ ಫೋನ್ ಮಾಡಬಹುದು, ಪಕ್ಕದ ಮನೆಯವರ ಜೊತೆ ಹೋಗಬಹುದು, ಆಮೇಲೆ ಮಗನಿಗೆ ತಿಳಿಸಬಹುದು. ಅದಕ್ಕೆ ಬೇಕಾದ ದುಡ್ಡು ಆಕೆಗೆ ಗೊತ್ತಿರುವ ಜಾಗದಲ್ಲಿ ಇರಲಿ. ಆಮೇಲೆ ಅದು ನಿಜಕ್ಕೂ ಗ್ಯಾಸ್ ಎಂದೇ ಆದರೆ? ಆಗಲಿ. ಯಾರೂ ಅದನ್ನು ಹಾಸ್ಯ ಮಾಡಬಾರದು. ಒಮ್ಮೆ ನಗೆಗೀಡಾದವರು ಮುಂದಿನ ಸಲ ಹೇಳುವುದಿಲ್ಲ.

108 ಆಂಬುಲೆನ್ಸ್ ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಉಚಿತ. ನವಿ ಮುಂಬೈಯಲ್ಲಿ ವಿಳಾಸ ಹೇಳುವಾಗ ಸೆಕ್ಟರ್, ಪ್ಲಾಟ್ ಸಂಖ್ಯೆ, ಕಟ್ಟಡದ ಹೆಸರು ಮೂರೂ ಬೇಕು. ಗೇಟಿನಲ್ಲಿ ಒಬ್ಬರು ನಿಂತಿರಲಿ, ವಾಚ್‌ಮನ್ ಲಿಫ್ಟ್ ಹಿಡಿದಿಟ್ಟುಕೊಳ್ಳಲಿ. ಲಿಫ್ಟ್ ಇಲ್ಲದ ಹಳೆಯ ಕಟ್ಟಡಗಳಲ್ಲಿ ರೋಗಿಯನ್ನು ಮೆಟ್ಟಿಲು ಇಳಿಸಿ ನಡೆಸಬೇಡಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಇಳಿಸಿ. ಆಂಬುಲೆನ್ಸ್ ಬರುವುದು ತಡವಾಗುತ್ತದೆ ಎಂದು ಗೊತ್ತಾದರೆ ಕಾರು ಅಥವಾ ರಿಕ್ಷಾದಲ್ಲಿ ಹೊರಡಿ. ರೋಗಿ ತಾನೇ ಗಾಡಿ ಓಡಿಸಬಾರದು, ಸ್ಕೂಟರಿನ ಹಿಂದೆಯೂ ಕೂರಬಾರದು.

ಎಲ್ಲಿಗೆ ಹೋಗಬೇಕೆಂಬುದನ್ನೂ ಈಗಲೇ ವಿಚಾರಿಸಿಡಿ. ಐರೋಲಿಯಲ್ಲೇ ನವಿ ಮುಂಬೈ ಮಹಾನಗರ ಪಾಲಿಕೆಯ ರಾಜಮಾತಾ ಜಿಜಾವು ಆಸ್ಪತ್ರೆ ಇದೆ, ಕಳವಾದಲ್ಲಿ ಠಾಣೆ ಪಾಲಿಕೆಯ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ ಇದೆ, ವಾಶಿ, ಮುಲುಂಡ್, ಠಾಣೆ ಕಡೆಗೆ ದೊಡ್ಡ ಖಾಸಗಿ ಆಸ್ಪತ್ರೆಗಳಿವೆ. ಎಲ್ಲ ಆಸ್ಪತ್ರೆಗಳಲ್ಲೂ 24 ಗಂಟೆಯ ಕ್ಯಾಥ್ ಲ್ಯಾಬ್ ಇರುವುದಿಲ್ಲ. ಮನೆಗೆ ಹತ್ತಿರದ ಎರಡು ಆಸ್ಪತ್ರೆಗಳಿಗೆ ಫೋನ್ ಮಾಡಿ “ರಾತ್ರಿ ಆಂಜಿಯೋಪ್ಲಾಸ್ಟಿ ಮಾಡುತ್ತೀರಾ?” ಎಂದು ಕೇಳಿ ಬರೆದಿಡಿ. ದಾರಿಯನ್ನೂ ಯೋಚಿಸಿ. ಮಳೆಗಾಲದಲ್ಲಿ ವಿಟಾವಾ ರೈಲ್ವೆ ಸೇತುವೆಯ ಕೆಳಗೆ ನೀರು ನಿಂತು ಠಾಣೆಯ ದಾರಿ ಸಿಕ್ಕಿಹಾಕಿಕೊಳ್ಳುವುದು ಈ ಭಾಗದವರಿಗೆಲ್ಲ ಗೊತ್ತು. ಅಂಥ ದಿನ ಐರೋಲಿ ಸೇತುವೆ ದಾಟಿ ಮುಲುಂಡ್ ಕಡೆಗೋ, ವಾಶಿ ಕಡೆಗೋ ಹೋಗುವುದು ಮೇಲು. ಕ್ಯಾಥ್ ಲ್ಯಾಬ್ ತುಂಬಾ ದೂರವಾದರೆ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಿ ಹೆಪ್ಪು ಕರಗಿಸುವ ಇಂಜೆಕ್ಷನ್ ಪಡೆದು, ಆಮೇಲೆ ದೊಡ್ಡ ಆಸ್ಪತ್ರೆಗೆ ಹೋಗಬಹುದು.

ಕರ್ನಾಟಕದಲ್ಲಿ ಇದೇ ಲೆಕ್ಕಾಚಾರದ ಮೇಲೆ ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಕೇಂದ್ರದವರು ಕೆಲವೇ ನಿಮಿಷದಲ್ಲಿ ಓದಿ ತಿಳಿಸುತ್ತಾರೆ, ಅಗತ್ಯವಿದ್ದರೆ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ. ಅದಕ್ಕೂ ಮೊದಲೇ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಗಳ ವೈದ್ಯರಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸಾಪ್‌ನಲ್ಲಿ ಇಸಿಜಿ ನೋಡಿ ಸಲಹೆ ಕೊಡುವ ಏರ್ಪಾಡು ಮಾಡಿದ್ದರು. ಊರಿನಲ್ಲಿರುವ ನಿಮ್ಮ ಅಪ್ಪ ಅಮ್ಮನಿಗೆ ಇದನ್ನು ಹೇಳಿಡಿ. ಇವು ದಾರಿಯ ದೂರವನ್ನು ಕಡಿಮೆ ಮಾಡುತ್ತವೆ. ಅಡುಗೆಮನೆಯಿಂದ ಬಾಗಿಲಿನವರೆಗಿನ ದೂರವನ್ನು ಯಾವ ಯೋಜನೆಯೂ ಕಡಿಮೆ ಮಾಡಲಾರದು, ಅದು ಮನೆಯವರ ಕೆಲಸ.

ಆಂಬುಲೆನ್ಸ್‌ಗೆ ಫೋನ್ ಮಾಡಿದ ಮೇಲೆ, ರೋಗಿಗೆ ಎಚ್ಚರವಿದ್ದರೆ, ಆಸ್ಪಿರಿನ್ 300 ಅಥವಾ 325 ಮಿಲಿಗ್ರಾಂ ಅಗಿದು ನುಂಗಲು ಕೊಡಬಹುದು. 1988ರ ‘ಐಸಿಸ್-2’ ಎಂಬ ದೊಡ್ಡ ಪ್ರಯೋಗದಲ್ಲಿ ಆಸ್ಪಿರಿನ್ ಒಂದೇ ಸಾವನ್ನು ಶೇ 23ರಷ್ಟು ತಗ್ಗಿಸಿತ್ತು. ಆಸ್ಪಿರಿನ್ ಅಲರ್ಜಿ, ಹೊಟ್ಟೆಹುಣ್ಣಿನ ರಕ್ತಸ್ರಾವ ಇದ್ದವರಿಗೆ, ಬಾಯಿ ಸೊಟ್ಟಗಾಗಿ ಪಾರ್ಶ್ವವಾಯುವಿನ ಸಂಶಯ ಇರುವವರಿಗೆ ಕೊಡಬೇಡಿ. ಪಕ್ಕದವರ ಸೋರ್ಬಿಟ್ರೇಟ್ ಮಾತ್ರೆ ತಂದು ನಾಲಿಗೆ ಕೆಳಗೆ ಇಡುವುದೂ ಬೇಡ, ಬಿಪಿ ಇಳಿದುಹೋಗಬಹುದು. ಜೋರಾಗಿ ಕೆಮ್ಮುತ್ತಾ ಇದ್ದರೆ ಹೃದಯಾಘಾತ ನಿಲ್ಲುತ್ತದೆ ಎಂಬ ಸಂದೇಶ ಸುಳ್ಳು. ರೋಗಿ ಕುಸಿದು ಉಸಿರು ನಿಂತರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಬಾರಿ ಜೋರಾಗಿ ಒತ್ತಿ, ಸಹಾಯ ಬರುವವರೆಗೆ. ಹೆಂಗಸೆಂದು ಕೈ ಹಿಂದೆಗೆಯಬೇಡಿ.

ಕೊನೆಗೆ, ಮನೆಯ ಹೆಂಗಸರದ್ದೇ ಒಂದು ಫೈಲ್ ಮಾಡಿ. ಹೆಚ್ಚಿನ ಮನೆಗಳಲ್ಲಿ ಅಪ್ಪನ ಬಿಪಿ, ಸಕ್ಕರೆಯ ಫೈಲ್ ಇರುತ್ತದೆ, ಅಮ್ಮನದು ಹೆರಿಗೆಯ ಜೊತೆಗೇ ಮುಗಿದಿರುತ್ತದೆ. ಬಸುರಿಯಲ್ಲಿ ಬಿಪಿ ಏರಿತ್ತೇ, ಸಕ್ಕರೆ ಬಂದಿತ್ತೇ, ಮುಟ್ಟು 40 ವರ್ಷಕ್ಕೂ ಮೊದಲೇ ನಿಂತಿತೇ, ತಂದೆ ತಾಯಿಗೆ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆ ಇತ್ತೇ, ತಂಬಾಕು ಅಥವಾ ಮಿಶ್ರಿ ಬಳಸುತ್ತಾರೆಯೇ, ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಇವು ಮುಂದೆ ಹೃದಯದ ಅಪಾಯವನ್ನು ಹೆಚ್ಚಿಸುತ್ತವೆ, ಆದರೆ ಕ್ಯಾಶುವಾಲ್ಟಿಯಲ್ಲಿ ಯಾರಿಗೂ ನೆನಪಾಗುವುದಿಲ್ಲ. ಜೊತೆಗೆ ಹಳೆಯ ಇಸಿಜಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ, ಆಧಾರ್ ಪ್ರತಿ, ರೇಷನ್ ಕಾರ್ಡ್ ಇರಲಿ. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಆಂಜಿಯೋಪ್ಲಾಸ್ಟಿಗೆ ನೆರವಿದೆ. ರೇಷನ್ ಕಾರ್ಡ್ ಇನ್ನೂ ಊರಿನ ವಿಳಾಸದಲ್ಲೇ ಇದ್ದರೆ ನಿಮಗೆ ಯಾವ ರಾಜ್ಯದ ಯೋಜನೆ ಅನ್ವಯಿಸುತ್ತದೆ ಎಂದು, ಯೋಜನೆಗೆ ಸೇರಿದ ಆಸ್ಪತ್ರೆಯ ‘ಆರೋಗ್ಯ ಮಿತ್ರ’ ಕೌಂಟರಿನಲ್ಲಿ ಈ ವಾರವೇ ವಿಚಾರಿಸಿ.